ಗೋಣೆಪ್ಪನವರ ಎಡಗಾಲು

ಆ ಬಿಳಿ ಕಾರು ದಾವಣಗೆರೆಯಿಂದ ಹರಿಹರದವರೆಗಿನ ಹದಿನಾಲ್ಕು ಕಿಲೋಮೀಟರಿನಲ್ಲಿ ಏನಿಲ್ಲವೆಂದರೂ ಎಂಬತ್ತು ಸಲ ತಲೆ ಬಾಗಿಸುತ್ತಿತ್ತು. ಸುಮ್ಮನೆ ಓಡುತ್ತಿದ್ದದ್ದು ಇದ್ದಕ್ಕಿದ್ದಂತೆ ಮೂಗು ನೆಲಕ್ಕೆ ಮಾಡಿ, ಎತ್ತಿ, ಮತ್ತೊಮ್ಮೆ ನೆಲಕ್ಕೆ ಮಾಡಿ, ಏನೂ ಆಗಿಲ್ಲವೆಂಬಂತೆ ಮುಂದೆ ಹೋಗುತ್ತಿತ್ತು. ಒಳಗೆ ಕೂತವರೂ ಅದರ ಜೊತೆ ಎರಡೆರಡು ಸಲ ಬಾಗಬೇಕು. ಹರಿಹರದ ಹಳೇ ಪಿ.ಬಿ. ರಸ್ತೆಯಲ್ಲಿ ನಮ್ಮ ಗ್ಯಾರೇಜಿನ ಎದುರು ಚಹಾದಂಗಡಿ ಇಟ್ಟಿರುವ ಗಿರಿಯಮ್ಮ, ಯಾರೋ ದೊಡ್ಡ ಮನುಷ್ಯರು ದಿನಾ ಬೆಳಿಗ್ಗೆ ತನಗೆ ನಮಸ್ಕಾರ ಮಾಡುತ್ತಾ ಹೋಗುತ್ತಾರೆಂದು ತಿಳಿದು ಒಂದು ವಾರ ತಾನೂ ಕೈ ಮುಗಿದಿದ್ದಳಂತೆ.

ಕಾರು ಪುಷ್ಪಲತಾ ಮೇಡಮ್ ಅವರದು. ಮನೆ ದಾವಣಗೆರೆಯಲ್ಲಿ, ಕೆಲಸ ಹರಿಹರದ ಒಂದು ಹೈಸ್ಕೂಲಿನಲ್ಲಿ, ಕಲಿಸುವುದು ವಿಜ್ಞಾನ. ಅವರಿಗೆ ಡ್ರೈವಿಂಗ್ ಬರುವುದಿಲ್ಲ. ಓಡಿಸುವವರು ಅವರ ತಂದೆ ಗೋಣೆಪ್ಪ. ಮೂವತ್ತೊಂದು ವರ್ಷ ಸರ್ಕಾರಿ ಬಸ್ ಓಡಿಸಿ, ಒಂದೇ ಒಂದು ಕೋಳಿಯನ್ನೂ ಸಾಯಿಸದೆ ನಿವೃತ್ತರಾದ ಮನುಷ್ಯ. ಅಷ್ಟು ವರ್ಷ ಕ್ಲಚ್ ಒತ್ತಿ ಎಡ ಮೊಣಕಾಲು ಸವೆದಿದೆ ಎಂದು ಡಾಕ್ಟರು ಹೇಳಿದ್ದಕ್ಕೇ ಮಗಳು ಕ್ಲಚ್ ಇಲ್ಲದ ಆಟೋಮ್ಯಾಟಿಕ್ ಕಾರು ಕೊಂಡದ್ದು. ಅಪ್ಪ ನಿವೃತ್ತಿಯಾಗಿ ಐದು ವರ್ಷವಾಯಿತು, ಅವರ ಎಡಗಾಲೂ ನಿವೃತ್ತಿಯಾಗಲಿ ಎಂದು.

ಕಾರು ಮೊದಲ ಸಲ ನಮ್ಮಲ್ಲಿಗೆ ಬಂದ ದಿನ ನನಗೆ ಹಿಗ್ಗೋ ಹಿಗ್ಗು. 'ರವಿಚಂದ್ರ, ಆಟೋಮ್ಯಾಟಿಕ್ ಗೇರ್‌ಬಾಕ್ಸ್ ತಜ್ಞ' ಎಂದು ಬೋರ್ಡು ಬರೆಸಿ ನಾಲ್ಕು ತಿಂಗಳಾಗಿತ್ತು. ಅಲ್ಲಿಯವರೆಗೆ ಬಂದವರೆಲ್ಲ ಪಂಕ್ಚರಿಗೆ ಬಂದವರು. ಗ್ಯಾರೇಜಿನ ಇನ್ನರ್ಧದ ಯಜಮಾನ ಮಸ್ತಾನಸಾಬ್ ಚಾಚಾ. ಲಾರಿ ಗೇರ್‌ಬಾಕ್ಸುಗಳಲ್ಲಿ ಕೈ ಪಳಗಿಸಿಕೊಂಡವರು. ನನ್ನ ಬೋರ್ಡನ್ನು ದಿನಾ ಒಂದು ಸಲ ಜೋರಾಗಿ ಓದಿ, 'ತಜ್ಞ' ಬಂದಾಗ ಕೆಮ್ಮುವುದು ಅವರ ರೂಢಿ.

"ಗೇರ್ ಬದಲಾಗೋ ಹೊತ್ತಿಗೆ ಜರ್ಕ್ ಹೊಡಿತೈತೆ. ಎರಡೆರಡು ಸಲ," ಎಂದರು ಮೇಡಮ್. "ಶೋರೂಮಿನೋರು ಗೇರ್‌ಬಾಕ್ಸೇ ಬದಲಿಸಬೇಕು ಅಂತಾರೆ. ಅಪ್ಪ ಓಡಿಸ್ತಾ ಓಡಿಸ್ತಾ ಬೈತಾನೆ, ನಾನು ಕುಂತು ಕುಂತು ಬಾಗ್ತೀನಿ. ಮೊನ್ನೆ ಹೆಡ್‌ಮಾಸ್ಟರಿಗೆ ಲಿಫ್ಟ್ ಕೊಟ್ಟಿದ್ದೆ. ಅವರ ಕನ್ನಡಕ ಡ್ಯಾಶ್‌ಬೋರ್ಡಿಗೆ ಬಡಿತು."

ಗೋಣೆಪ್ಪನವರು ಬಾನೆಟ್ಟಿನ ಮೇಲೆ ಕೈಯಿಟ್ಟು, ಹುಷಾರಿಲ್ಲದ ಎತ್ತಿನ ಪಕ್ಕ ನಿಂತ ಹಾಗೆ ನಿಂತಿದ್ದರು. ಮೇಡಮ್ ನನ್ನನ್ನು ಟೈರುಗಳ ರಾಶಿಯ ಹಿಂದಕ್ಕೆ ಕರೆದರು.

"ನೋಡ್ರಿ, ನನಗೆ ನಿಜ ಬೇಕು. ಗೇರ್‌ಬಾಕ್ಸ್ ಕೆಟ್ಟಿದ್ರೆ ರಿಪೇರಿ ಮಾಡಿಸ್ತೀನಿ. ಅಪ್ಪಂದೇ ತಪ್ಪಿದ್ರೆ, ವಯಸ್ಸಾಗೈತೆ, ಕಣ್ಣೋ ಕಾಲೋ ಏನೋ, ಹಂಗಿದ್ರೆ ನೇರ ಹೇಳಿಬಿಡ್ರಿ. ಡ್ರೈವರ್ ಇಡ್ತೀನಿ. ಮಹೇಂದ್ರ ಅಂತ ಒಬ್ಬ ಹುಡುಗನ್ನ ಮಾತಾಡೀನಿ. ಸೋಮವಾರದಿಂದ ಬರ್ತೀನಿ ಅಂದಾನೆ."

ಅವರು ಫೋನು ಬಂತೆಂದು ಆ ಕಡೆ ಹೋದದ್ದೇ ತಡ, ಗೋಣೆಪ್ಪನವರು ಈ ಕಡೆಯಿಂದ ಬಂದರು.

"ತಮ್ಮಾ, ಅವಳು ಏನಂದ್ಲು ಅಂತ ಕೇಳಲ್ಲ. ನನಗೆ ಗೊತ್ತೈತೆ. ಏನೇ ಇರ್ಲಿ, ಗೇರ್‌ಬಾಕ್ಸ್ ಅಂತ ಹೇಳು. ಆ ಮಹೇಂದ್ರನ ವಯಸ್ಸಿಗಿಂತ ನನ್ನ ಲೈಸೆನ್ಸಿಗೇ ಹೆಚ್ಚು ವಯಸ್ಸಾಗೈತೆ. ಡ್ರೈವರಿಗೆ ಡ್ರೈವರ್ ಇಡೋದಾ? ನಮ್ಮೂರು ಕುಕ್ಕುವಾಡದಾಗೆ ಕೇಳಿದ್ರೆ ನಕ್ಕಾರು. ನಾನು ಹಿಂದಿನ ಸೀಟಿನಾಗೆ ಕುಂತು ಏನ್ ಮಾಡ್ಲಿ? ಟಿಕೆಟ್ ತಗೊಳ್ಲಾ?"

ಹೀಗೆ ಐದು ನಿಮಿಷದಲ್ಲಿ ನಾನು ಇಬ್ಬರಿಗೂ ತಲೆಯಾಡಿಸಿಬಿಟ್ಟಿದ್ದೆ.

ಆಗ ನನಗೆ ಹೆದರಿಕೆಯೇನೂ ಇರಲಿಲ್ಲ. ದೋಷ ಗೇರ್‌ಬಾಕ್ಸಿನಲ್ಲೇ ಇರುತ್ತದೆಂದು ನಂಬಿದ್ದೆ. ಎಂಜಿನ್ ಬಿಸಿ ಮಾಡಿ, ಓಡುತ್ತಿರುವಾಗಲೇ ಗೇರ್ ಆಯಿಲ್ ಅಳತೆ ನೋಡಿದೆ. ಅಳತೆ ಸರಿಯಿತ್ತು, ಬಣ್ಣ ಸರಿಯಿರಲಿಲ್ಲ. ಕುಂಕುಮದ ನೀರಿನ ಹಾಗೆ ಕೆಂಪಗೆ ಹೊಳೆಯಬೇಕಾದ ಎಣ್ಣೆ ಕಾಫಿ ಡಿಕಾಕ್ಷನ್ನಿನಂತೆ ಕಪ್ಪಾಗಿ, ಸುಟ್ಟ ವಾಸನೆ ಹೊಡೆಯುತ್ತಿತ್ತು. ಹನ್ನೊಂದು ಸಾವಿರ ಕಿಲೋಮೀಟರಿಗೆ ಎಣ್ಣೆ ಹೀಗಾಗುವುದಿಲ್ಲ. ಚಕ್ರ ಬಿಚ್ಚಿದರೆ ಬ್ರೇಕ್ ಪ್ಯಾಡುಗಳು ಬಿಸ್ಕತ್ತಿನಷ್ಟು ತೆಳ್ಳಗಾಗಿದ್ದವು. ಅಲ್ಲೇ ನಾನು ಒಂದು ಕ್ಷಣ ನಿಂತು ಯೋಚಿಸಬೇಕಿತ್ತು. ಯೋಚಿಸಲಿಲ್ಲ. ಎಣ್ಣೆ ಬದಲಾಯಿಸಿದೆ, ಪ್ಯಾಡು ಹಾಕಿದೆ, ಗೇರ್‌ಬಾಕ್ಸಿನ ಕಂಪ್ಯೂಟರಿಗೆ ಹಳೆಯದೆಲ್ಲ ಮರೆಯುವಂತೆ ಆಜ್ಞೆ ಕೊಟ್ಟೆ, ತುಂಗಭದ್ರಾ ಸೇತುವೆಯವರೆಗೆ ಓಡಿಸಿ ನೋಡಿದೆ. ಬೆಣ್ಣೆಯ ಹಾಗೆ ಹೋಯಿತು. ಒಂದು ಸಲವೂ ಬಾಗಲಿಲ್ಲ.

ಮರುದಿನ ಬೆಳಿಗ್ಗೆ ಗಿರಿಯಮ್ಮ ಕೂಗಿದಳು: "ರವೀ, ನಿನ್ನ ನಮಸ್ಕಾರದ ಗಾಡಿ ಬಂತು ನೋಡು!"

ಎರಡನೆಯ ಸಲ ನಾನು ಗಾಡಿಯ ಕಂಪ್ಯೂಟರನ್ನು ಓದುವ ಸ್ಕ್ಯಾನರನ್ನು ಜೋಡಿಸಿ, ತೊಡೆಯ ಮೇಲೆ ಇಟ್ಟುಕೊಂಡು, ಗೋಣೆಪ್ಪನವರ ಪಕ್ಕ ಕೂತೆ. ಅವರು ಕನ್ನಡಿ ಸರಿಮಾಡಿಕೊಂಡು, ಚೆಕಿಂಗ್ ಇನ್ಸ್‌ಪೆಕ್ಟರ್ ಬಸ್ಸು ಹತ್ತಿದ ಹಾಗೆ ಬೆನ್ನು ನೆಟ್ಟಗೆ ಮಾಡಿ ಓಡಿಸಿದರು. ಇಪ್ಪತ್ತೈದರ ವೇಗಕ್ಕೆ ಬಾಗಿದೆವು. ನಲವತ್ತಕ್ಕೆ ಬಾಗಿದೆವು. ನಾನು ಒಂದು ಸಲವೂ ಸ್ಕ್ಯಾನರಿನಿಂದ ಕಣ್ಣು ತೆಗೆಯಲಿಲ್ಲ. ಪ್ರತಿ ಸಲ ಬಾಗುವಾಗಲೂ ಪರದೆ ಹೇಳುತ್ತಿತ್ತು: ಬ್ರೇಕ್ ಒತ್ತಲಾಗಿದೆ, ಆಕ್ಸಿಲರೇಟರೂ ಒತ್ತಲಾಗಿದೆ.

ಯಾವ ಮನುಷ್ಯ ಎರಡನ್ನೂ ಒಟ್ಟಿಗೆ ಒತ್ತುತ್ತಾನೆ? ಹಾಗಾದರೆ ಪೆಡಲಿನ ಮೇಲಿರುವ ಬ್ರೇಕ್ ಸ್ವಿಚ್ಚು ಸುಳ್ಳು ಹೇಳುತ್ತಿರಬೇಕು. ಬ್ರೇಕ್ ಬಿತ್ತೆಂದು ಗಾಡಿ ಎಂಜಿನ್ನಿನ ಶಕ್ತಿ ಕಡಿಮೆ ಮಾಡುತ್ತದೆ, ಆದ್ದರಿಂದ ಜರ್ಕು. ನನ್ನ ಬುದ್ಧಿಗೆ ನಾನೇ ಬೆರಗಾದೆ. ಹೊಸ ಸ್ವಿಚ್ಚು ಹಾಕಿ, ಓಡಿಸಿ ನೋಡಿದೆ. ಬೆಣ್ಣೆ. ಸಂಜೆ ಮೇಡಮ್ಮಿಗೆ ಫೋನು ಮಾಡಿ, "ಬ್ರೇಕ್ ಸ್ವಿಚ್ಚು ಮೇಡಮ್, ಸಣ್ಣ ಪಾರ್ಟು, ದೊಡ್ಡ ತೊಂದರೆ," ಎಂದು ಉಪನ್ಯಾಸ ಕೊಟ್ಟೆ.

ಮರುದಿನ, ಅಂದರೆ ಶುಕ್ರವಾರ, ಕಾರು ಬಾಗುತ್ತಾ ಬಂದು ಗ್ಯಾರೇಜಿನ ಎದುರು ನಿಂತಿತು. ಮೇಡಮ್ ಇಳಿದು, "ನಾಳೆ ಮಧ್ಯಾಹ್ನ ಬರ್ತೀನಿ. ನಾಳೆ ಗೊತ್ತಾಗ್ಲಿಲ್ಲ ಅಂದ್ರೆ ಸೋಮವಾರ ಮಹೇಂದ್ರ," ಎಂದಷ್ಟೇ ಹೇಳಿ ಆಟೋ ಹತ್ತಿ ಸ್ಕೂಲಿಗೆ ಹೋದರು.

ಚಾಚಾ ಬೀಡಿ ಆರಿಸಿದರು. "ಮಗಾ, ನೀನು ಮೂರು ದಿನದಿಂದ ಆ ಟಿವಿ ನೋಡಾಕತ್ತೀಯಲ್ಲ. ಒಂದು ಸಲನಾದ್ರೂ ಅವರ ಕಾಲು ನೋಡಿದ್ಯಾ?"

"ಕಾಲಾ? ಯಾಕ?"

"ಲಾರಿ ಗೇರ್‌ಬಾಕ್ಸ್ ಬಿಚ್ಚೋಕ್ ಮುಂಚೆ ನಾನು ಡ್ರೈವರನ ಚಪ್ಪಲಿ ನೋಡ್ತೀನಿ." ಆಮೇಲೆ ಜೋರಾಗಿ, "ಗೋಣೆಪ್ಪಣ್ಣಾ, ಒಂದ್ ರೌಂಡ್ ಹೊಡಿಯೋಣ ಬರ್ರಿ. ನಾ ಹಿಂದೆ ಕುಂದ್ರತೀನಿ, ಗಾಳಿ ತಗಂಡು ಬರೋಣ."

ಗಾಳಿ ತೆಗೆದುಕೊಳ್ಳಲು ಹೋದವರು ಹಿಂದಿನ ಸೀಟಿನಲ್ಲಿ ಕೂರಲೇ ಇಲ್ಲ. ಎರಡು ಸೀಟುಗಳ ನಡುವೆ ಮಂಡಿಯೂರಿ, ತಲೆಯನ್ನು ಮುಂದೆ ತೂರಿಸಿ, ಬಾವಿಯೊಳಗೆ ಬಿಂದಿಗೆ ಹುಡುಕುವವರ ಹಾಗೆ ಕೆಳಗೆ ನೋಡುತ್ತಾ ಹೋದರು. ಹಿಂದಿರುಗಿದಾಗ ಟೋಪಿ ಓರೆಯಾಗಿತ್ತು, ಮುಖ ಹೊಳೆಯುತ್ತಿತ್ತು. ಗೋಣೆಪ್ಪನವರು ಗಿರಿಯಮ್ಮನಲ್ಲಿ ಚಹಾಕ್ಕೆ ಹೋದ ಮೇಲೆ ನನ್ನ ಕಿವಿಯ ಹತ್ತಿರ ಬಂದರು.

"ಗೇರ್‌ಬಾಕ್ಸು ಬಂಗಾರದಂಗೈತೆ. ಮನುಷ್ಯಾನೂ ಬಂಗಾರ. ಎಡಗಾಲು ಮಾತ್ರ ಇನ್ನಾ ಡ್ಯೂಟಿ ಮಾಡಾಕತ್ತೈತೆ."

ಹಳೇ ಬಸ್ಸುಗಳಲ್ಲಿ ಒಂದು ಗೇರಿನಿಂದ ಇನ್ನೊಂದಕ್ಕೆ ಹೋಗಲು ಕ್ಲಚ್ಚನ್ನು ಎರಡು ಸಲ ಒತ್ತಬೇಕಿತ್ತು, ಒಮ್ಮೆ ಹಳೆಯ ಗೇರು ಬಿಡಿಸಲು, ಒಮ್ಮೆ ಹೊಸದು ಹಾಕಲು. ಹಾಗೆ ಮಾಡದಿದ್ದರೆ ಗೇರ್‌ಬಾಕ್ಸು ಇಡೀ ಊರಿಗೆ ಕೇಳುವಂತೆ ಹಲ್ಲು ಕಡಿಯುತ್ತಿತ್ತು. ಗೋಣೆಪ್ಪನವರ ಕಿವಿಗೆ ಎಂಜಿನ್ನಿನ ಸದ್ದು ಏರಿದ್ದು ಕೇಳಿದ ಕೂಡಲೇ ಎಡಗಾಲು ತಾನಾಗಿ ಮೇಲೇಳುತ್ತಿತ್ತು. ಕ್ಲಚ್ ಇರಬೇಕಾದ ಜಾಗದಲ್ಲಿ ಏನೂ ಸಿಗದೆ, ಪಕ್ಕದಲ್ಲೇ ಇದ್ದ ಅಗಲವಾದ ಬ್ರೇಕ್ ಪೆಡಲನ್ನು ಎರಡು ಸಲ ತುಳಿದು, ಕೆಲಸ ಮುಗಿಯಿತೆಂದು ಕೆಳಗೆ ಬಂದು ಕೂರುತ್ತಿತ್ತು. ಬಲಗಾಲು ಅಷ್ಟು ಹೊತ್ತೂ ಆಕ್ಸಿಲರೇಟರಿನ ಮೇಲೇ. ಸ್ಕ್ಯಾನರು ಮೊದಲಿನಿಂದಲೂ ನಿಜವನ್ನೇ ಹೇಳುತ್ತಿತ್ತು. ನಾನು ಅದಕ್ಕೆ ಹೊಸ ಸ್ವಿಚ್ಚು ಹಾಕಿ ಸುಮ್ಮನಿರಿಸಲು ನೋಡಿದ್ದೆ.

ಚಹಾ ಕುಡಿದು ಬಂದವರಿಗೆ ಹೇಳಿದೆವು. ಅವರು ನಂಬಲಿಲ್ಲ.

"ನಾನಾ? ಬ್ರೇಕಾ? ಎಡಗಾಲಾಗಾ? ತಮ್ಮಾ, ನಾನು ಹೊಸ ಡ್ರೈವರ್‌ಗಳಿಗೆ ಟ್ರೈನಿಂಗ್ ಕೊಟ್ಟೋನು."

"ಕುಂದ್ರರಿ, ತೋರಿಸ್ತೀನಿ," ಎಂದರು ಚಾಚಾ.

ಈ ಸಲ ಗೋಣೆಪ್ಪನವರು ತಮ್ಮ ಕಾಲನ್ನು ತಾವೇ ನೋಡಿದರು. ನೋಡುತ್ತಿರುವಾಗ ಕಾಲು ಸುಮ್ಮನಿತ್ತು. ರಸ್ತೆ ನೋಡಲು ತಲೆಯೆತ್ತಿದ ಕೂಡಲೇ ಬಾಗಿದೆವು. ಕೆಳಗೆ ನೋಡಿದರೆ ಕಾಲು ಮತ್ತೆ ಏನೂ ಅರಿಯದ ಹಾಗೆ ಚಾಪೆಯ ಮೇಲಿತ್ತು. ಅವರು ಗಾಡಿ ಪಕ್ಕಕ್ಕೆ ಹಾಕಿ ನಿಲ್ಲಿಸಿದರು.

"ಇದು ಯಾವಾಗಿಂದ ಹಿಂಗೆ ಮಾಡ್ತೈತೆ?" ಎಂದು ಕೇಳಿದರು, ಮನೆಯಲ್ಲಿ ಯಾರೋ ಕುಡಿಯುವುದು ಕಲಿತಿದ್ದಾರೆಂದು ತಿಳಿದವರ ದನಿಯಲ್ಲಿ.

ಕಾಲಿಗೆ ಬುದ್ಧಿ ಕಲಿಸಲು ಆ ಇಡೀ ಮಧ್ಯಾಹ್ನ ಹೋಯಿತು. ಎಡಗಾಲನ್ನು ಸೀಟಿನ ಅಡಿಗೆ ಮಡಚಿಟ್ಟುಕೊಳ್ಳಿ ಎಂದೆ. ಇಪ್ಪತ್ತೈದರ ವೇಗ ಬಂದಾಗ ಅದು ಬಿಲದಿಂದ ಇಲಿ ಬಂದ ಹಾಗೆ ಬಂತು. ಚಪ್ಪಲಿ ಬಿಚ್ಚಿಸಿದೆವು. ಬರಿಗಾಲಿನಲ್ಲಿ ಇನ್ನೂ ಚುರುಕಾಯಿತು. ಕೊನೆಗೆ ಅವರ ಟವೆಲಿನಿಂದಲೇ ಕಾಲನ್ನು ಸೀಟಿನ ಕಂಬಿಗೆ ಕಟ್ಟಿದೆವು. ಎಂಜಿನ್ ಸದ್ದು ಏರಿತು, ಎಡಗಾಲು ಜಗ್ಗಾಡಿತು, ಬರಲಾಗಲಿಲ್ಲ. ಆಗ ಬಲಗಾಲು ಆಕ್ಸಿಲರೇಟರ್ ಬಿಟ್ಟು, ಕಷ್ಟದಲ್ಲಿರುವ ಅಣ್ಣನ ಕೆಲಸ ತಾನು ಮಾಡುತ್ತೇನೆಂದು ಹೋಗಿ ಬ್ರೇಕನ್ನು ತುಳಿದು ನಿಂತಿತು. ಗಾಡಿ ನಡುರಸ್ತೆಯಲ್ಲಿ ನಿಂತುಬಿಟ್ಟಿತು. ಹಿಂದೆ ಬರುತ್ತಿದ್ದ ಮೆಕ್ಕೆಜೋಳದ ಟ್ರ್ಯಾಕ್ಟರಿನವನು ಇಳಿದು ಬಂದು, ಕಾಲು ಕಟ್ಟಿಸಿಕೊಂಡು ಕೂತಿದ್ದ ಡ್ರೈವರನ್ನೂ, ಪಕ್ಕಕ್ಕೊಬ್ಬ ಹಿಂದಕ್ಕೊಬ್ಬ ಕೂತಿದ್ದ ನಮ್ಮಿಬ್ಬರನ್ನೂ ನೋಡಿ, "ಪೊಲೀಸ್‌ಗೆ ಫೋನ್ ಮಾಡ್ಲೇನಜ್ಜಾ?" ಎಂದು ಕೇಳಿದ.

ಟವೆಲು ಬಿಚ್ಚಿ ಹೆಗಲಿಗೆ ಹಾಕಿಕೊಂಡ ಗೋಣೆಪ್ಪನವರು ತಾವಾಗಿ ಎಡಗಡೆಯ ಸೀಟಿಗೆ ಬಂದು ಕೂತರು. ನಾನು ಓಡಿಸಿದೆ. ಗ್ಯಾರೇಜಿನ ಎದುರು ಇಳಿಯುವಾಗ ಅವರು, "ಮಹೇಂದ್ರ ಹುಡುಗ ಒಳ್ಳೇನೇ ಇರಬೇಕು," ಎಂದರು. ನನಗೆ ಅದನ್ನು ಕೇಳಿಸಿಕೊಳ್ಳಲಾಗಲಿಲ್ಲ.

ಅವರು ಬಸ್ಸು ಹತ್ತಿದ ಮೇಲೆ ಚಾಚಾ ನನ್ನನ್ನು ಕೇಳಿದರು: "ಇದೇ ಗಾಡಿ ಕ್ಲಚ್ ಇರೋದೂ ಬರ್ತೈತಲ್ಲ?"

"ಬರ್ತೈತೆ. ಮೂರು ಪೆಡಲಿಂದು."

"ಅಂದ್ರೆ ಆ ಪೆಡಲ್ ಕುಂದ್ರಿಸೋ ತೂತು ಇದರಾಗೂ ಇರಬೇಕು. ಕಂಪನಿಯೋನು ಎರಡೆರಡು ಅಚ್ಚು ಮಾಡಲ್ಲ."

ಟಾರ್ಚು ಹಿಡಿದು ಡ್ಯಾಶ್‌ಬೋರ್ಡಿನ ಅಡಿಗೆ ತಲೆ ತೂರಿಸಿದೆ. ಬ್ರೇಕಿನ ಎಡಕ್ಕೆ, ರಬ್ಬರಿನ ಬಿರಡೆ ಹಾಕಿ ಮುಚ್ಚಿದ ಎರಡು ತೂತುಗಳು ಇದ್ದವು.

"ಚಾಚಾ, ಕ್ಲಚ್ಚೇ ಇಲ್ಲದ ಗಾಡಿಗೆ ಕ್ಲಚ್ ಪೆಡಲ್ ಹಾಕಿ ಏನ್ ಮಾಡ್ತೀರಿ? ಯಾವುದಕ್ಕೆ ಜೋಡಿಸ್ತೀರಿ?"

"ಯಾವುದಕ್ಕೂ ಇಲ್ಲ."

"ಮತ್ತೆ?"

"ಆ ಕಾಲಿಗೆ ಹೋಗಾಕೆ ಒಂದು ಜಾಗ ಬೇಕು, ಅಷ್ಟೇ. ನೀನು ಗಾಡಿ ರಿಪೇರಿ ಮಾಡ್ದೆ. ನಾನು ಗಾಡಿ ಬಿಟ್ಟು ಉಳಿದಿದ್ದು ಮಾಡ್ತೀನಿ."

ಶನಿವಾರ ಬೆಳಿಗ್ಗೆ ಚಾಚಾ ದಾವಣಗೆರೆಯ ಆಜಾದ್ ನಗರದ ಗುಜರಿಗೆ ಹೋಗಿ, ಅಪಘಾತದಲ್ಲಿ ಜಜ್ಜಿಹೋದ ಅಂಥದೇ ಕಾರಿನಿಂದ ಕ್ಲಚ್ ಪೆಡಲನ್ನು ಬಿಚ್ಚಿಸಿಕೊಂಡು ಬಂದರು. ಬೋಲ್ಟುಗಳು ತೂತಿಗೆ ಸರಿಯಾಗಿ ಕೂತವು. ಹಿಂದಕ್ಕೆ ಎಳೆಯಲು ಹಳೇ ಮೊಪೆಡ್ಡಿನ ಸ್ಟ್ಯಾಂಡಿನ ಸ್ಪ್ರಿಂಗ್ ಹಾಕಿದೆವು. ಬ್ರೇಕಿಗೂ ಅದಕ್ಕೂ ನಡುವೆ ಮೂರು ಬೆರಳು ಜಾಗ ಇದೆಯೇ ಎಂದು ನಾನು ನಾಲ್ಕು ಸಲ ಅಳೆದೆ. ಒತ್ತಿದರೆ ಒಳಗೆ ಹೋಗುತ್ತಿತ್ತು, ಬಿಟ್ಟರೆ ಹೊರಗೆ ಬರುತ್ತಿತ್ತು. ಅದರಿಂದ ಪ್ರಪಂಚದಲ್ಲಿ ಯಾವ ಬದಲಾವಣೆಯೂ ಆಗುತ್ತಿರಲಿಲ್ಲ. ನಾನು ಮಾಡಿದ ಕೆಲಸಗಳಲ್ಲೆಲ್ಲ ಅಷ್ಟು ಅಚ್ಚುಕಟ್ಟಾಗಿ ಕೂತ ಕೆಲಸ ಇನ್ನೊಂದಿಲ್ಲ.

ಹನ್ನೊಂದಕ್ಕೆ ಗೋಣೆಪ್ಪನವರು ಬಂದರು. ಬಾಗಿಲು ತೆಗೆದು, ಪೆಡಲು ನೋಡಿದರು. ನಮ್ಮಿಬ್ಬರನ್ನೂ ನೋಡಿದರು. ಕೂತು ಒಮ್ಮೆ ಒತ್ತಿದರು.

"ಯಾವುದಕ್ಕೆ ಕನೆಕ್ಷನ್ ಕೊಟ್ಟೀರಿ?"

"ಕೊಡಬೇಕಾದ್ದಕ್ಕೆ ಕೊಟ್ಟೀವಿ," ಎಂದರು ಚಾಚಾ.

ಗೋಣೆಪ್ಪನವರು ಇನ್ನೊಮ್ಮೆ ಒತ್ತಿ, ಬಾಗಿಲು ಹಾಕಿಕೊಂಡರು. ಗಾಡಿ ತೆಗೆದುಕೊಂಡು ಹೋಗಿ, ಇಪ್ಪತ್ತು ನಿಮಿಷದ ಮೇಲೆ ಬಂದರು. ಗಿರಿಯಮ್ಮ ಅಂಗಡಿಯಿಂದ ಹೊರಗೆ ಬಂದು ನಿಂತು ನೋಡಿದಳು. ಕಾರು ತಲೆಯೆತ್ತಿಕೊಂಡೇ ಬಂದು, ತಲೆಯೆತ್ತಿಕೊಂಡೇ ನಿಂತಿತು.

ಮೇಡಮ್ ಮಧ್ಯಾಹ್ನ ಒಂದೂವರೆಗೆ ಬಂದರು. "ಏನಾಗಿತ್ತು?"

ಇಬ್ಬರಿಗೂ ತಲೆಯಾಡಿಸಿದ್ದರ ಫಲ ಈಗ ಎದುರಿಗೆ ನಿಂತಿತ್ತು. ಗೋಣೆಪ್ಪನವರು ನನ್ನ ಬಾಯಿಯನ್ನೇ ನೋಡುತ್ತಿದ್ದರು. "ಕ್ಲಚ್ ಇರಲಿಲ್ಲ ಮೇಡಮ್," ಎಂದೆ. "ಹಾಕಿದೀವಿ."

ವಿಜ್ಞಾನದ ಟೀಚರಿಗೆ ಇಂಥದು ಹೇಳಬಾರದು. ಅವರು ಬ್ಯಾಗು ಕೆಳಗಿಟ್ಟು, ಡ್ರೈವರ್ ಸೀಟಿನಲ್ಲಿ ಕೂತು, ಪೆಡಲನ್ನು ಕೈಯಿಂದ ಒತ್ತಿದರು. ಬಿಟ್ಟರು. ಬಗ್ಗಿ ಅದರ ಹಿಂದೆ ನೋಡಿದರು.

"ಇದಕ್ಕೆ ಏನೂ ಕನೆಕ್ಷನ್ನೇ ಇಲ್ಲ."

ನಾನು ಬ್ರೇಕು, ಎಡಗಾಲು, ಬಸ್ಸು, ಎಲ್ಲವನ್ನೂ ಹೇಳಿಬಿಟ್ಟೆ. ನೇರ ಹೇಳಿ ಎಂದಿದ್ದರಲ್ಲ. ಹೇಳುತ್ತಾ ಹೋದಂತೆ ಗೋಣೆಪ್ಪನವರು ಟವೆಲಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಹೋದರು.

"ಅಪ್ಪಾ, ನಿನಗೆ ಗೊತ್ತಿತ್ತಾ, ಇದು ಸುಳ್ಳು ಕ್ಲಚ್ ಅಂತ?"

"ನನಗೆ ಗೊತ್ತೈತವ್ವಾ." ಅವರು ತಮ್ಮ ಎಡಗಾಲಿನ ಕಡೆ ನೋಡಿ ದನಿ ತಗ್ಗಿಸಿದರು. "ಅದಕ್ಕೆ ಗೊತ್ತಿಲ್ಲ. ನೀವ್ಯಾರೂ ಹೇಳಾಕೆ ಹೋಗಬ್ಯಾಡ್ರಿ."

ಚಾಚಾ ನಕ್ಕರು. ಮೇಡಮ್ ನಗಲಿಲ್ಲ. "ನಾಳೆ ಯಾವುದೋ ಮಗು ಅಡ್ಡ ಬಂದಾಗ ಈ ಕಾಲು ಯಾವ ಪೆಡಲ್ ಒತ್ತುತ್ತೋ? ನಾನು ನೋಡ್ದೆ ಒಪ್ಪಲ್ಲ. ನಡೀರಿ ಎಲ್ಲಾರೂ."

ಎಪಿಎಂಸಿ ಹಿಂದಿನ ಅಗಲ ರಸ್ತೆ ಆ ಹೊತ್ತಿನಲ್ಲಿ ಖಾಲಿ. ಮೇಡಮ್ ಮುಂದೆ, ನಾವಿಬ್ಬರೂ ಹಿಂದೆ. ಗೋಣೆಪ್ಪನವರು ಹೊರಟರು. ಎಂಜಿನ್ ಸದ್ದು ಏರಿತು. ಎಡಗಾಲು ಎದ್ದು, ಸುಳ್ಳು ಪೆಡಲನ್ನು ಎರಡು ಸಲ ಒತ್ತಿ, ಇಳಿಯಿತು. ಗಾಡಿ ತನ್ನ ಪಾಡಿಗೆ ತಾನು ಗೇರು ಬದಲಿಸಿಕೊಂಡಿತು. ಕಾಲೂ ಗಾಡಿಯೂ ಒಂದಕ್ಕೊಂದು ಅಡ್ಡ ಬರಲಿಲ್ಲ.

"ಅಪ್ಪಾ, ನಾಯಿ!" ಎಂದು ಮೇಡಮ್ ಚೀರಿದರು.

ಗಾಡಿ ನೆಟ್ಟಗೆ ನಿಂತಿತು. ಚಾಚಾರ ಟೋಪಿ ಮುಂದಿನ ಸೀಟಿಗೆ ಹೋಯಿತು. ಮೇಡಮ್ ಕೆಳಗೆ ನೋಡುತ್ತಿದ್ದರು. ಬಲಗಾಲು ಬ್ರೇಕಿನ ಮೇಲೆ, ಎಡಗಾಲು ಕ್ಲಚ್ಚಿನ ಮೇಲೆ, ಎರಡೂ ತಳಮುಟ್ಟಿ.

"ಎಲ್ಲೈತೆ ನಾಯಿ?"

"ಹೋಯ್ತು. ನಡಿ."

ಇನ್ನೂರು ಮಾರು ಹೋದ ಮೇಲೆ, "ಎಮ್ಮೆ!"

ನಿಂತಿತು. ಕಾಲುಗಳು ಅವವುಗಳ ಜಾಗದಲ್ಲೇ ಇದ್ದವು. "ಪುಷ್ಪಾ, ನಿನಗೆ ಕಣ್ಣು ತೋರಿಸಬೇಕು," ಎಂದರು ಗೋಣೆಪ್ಪನವರು.

"ಇನ್ನೊಂದ್ ಸಲ," ಎಂದು ಮೇಡಮ್ ನಮ್ಮ ಕಡೆ ತಿರುಗಿದರು. "ಮೂರು ಸಲ ಸರಿ ಬಂದ್ರೆ ಮಾತ್ರ..."

ಅವರ ಮಾತು ಮುಗಿಯಲಿಲ್ಲ. ಈ ಸಲ ಯಾರೂ ಕೂಗದೆಯೇ ಗಾಡಿ ಗಕ್ಕನೆ ನಿಂತಿತು. ಮೂವರೂ ಮುಂದೆ ನೋಡಿದೆವು. ರಸ್ತೆ ಬದಿಗೆ ಒಟ್ಟಿದ್ದ ಮೂಟೆಗಳ ಹಿಂದಿನಿಂದ ಒಂದು ಹಂದಿ, ಅದರ ಹಿಂದೆ ಸಾಲಾಗಿ ಮರಿಗಳು, ಬಾನೆಟ್ಟಿನಿಂದ ಎರಡು ಗೇಣು ದೂರದಲ್ಲಿ ರಸ್ತೆ ದಾಟುತ್ತಿದ್ದವು. ನಾವ್ಯಾರೂ ಅವುಗಳನ್ನು ನೋಡಿರಲಿಲ್ಲ. ಮೇಡಮ್ ಮೆಲ್ಲಗೆ ಕೆಳಗೆ ನೋಡಿದರು.

"ಎಂಟು," ಎಂದರು ಗೋಣೆಪ್ಪನವರು. "ತಡೀರಿ, ಇನ್ನೊಂದು ಹಿಂದೆ ಬಿದ್ದೈತೆ." ಕುಂಟುತ್ತಾ ಬಂದ ಕೊನೆಯ ಮರಿಯೂ ದಾಟಿತು.

ಮೇಡಮ್ ಫೋನು ತೆಗೆದರು. "ಮಹೇಂದ್ರಾ, ಪುಷ್ಪಲತಾ ಮಾತಾಡೋದು. ಸೋಮವಾರ ಬರೋದು ಬ್ಯಾಡಪ್ಪ. ಇಲ್ಲ, ಬ್ಯಾರೆ ಡ್ರೈವರ್ ಸಿಕ್ಕಾರೆ. ಹ್ಞೂಂ, ಎಕ್ಸ್‌ಪೀರಿಯನ್ಸ್ ಐತೆ." ಆ ಕಡೆಯಿಂದ ಏನೋ ಕೇಳಿದಂತಾಯಿತು. "ಇಲ್ಲಪ್ಪ, ನಿನ್ನಂಗೆ ಎರಡು ಪೆಡಲ್ ಸಾಕಾಗಲ್ಲ ಅವರಿಗೆ."

ಗೋಣೆಪ್ಪನವರು ಏನೂ ಕೇಳಿಸದವರ ಹಾಗೆ ಕನ್ನಡಿಯನ್ನು ಅರ್ಧ ಬೆರಳು ಸರಿಸಿ, ಮತ್ತೆ ಅಲ್ಲೇ ತಂದಿಟ್ಟರು. ರಸ್ತೆ ಖಾಲಿಯಿತ್ತು, ಎಂಜಿನ್ ಓಡುತ್ತಿತ್ತು, ಗಾಡಿ ಮಾತ್ರ ಹೊರಡಲಿಲ್ಲ.

"ಯಾಕ ನಿಂತ್ರಿ ಗೋಣೆಪ್ಪಣ್ಣಾ?" ಎಂದರು ಚಾಚಾ.

"ಕಂಡಕ್ಟರ್ ಹೇಳ್ಲಿ."

ಮೇಡಮ್ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಿದ್ದರು. ಅಂಗೈಯಿಂದ ಬಾಗಿಲಿನ ಮೇಲೆ ಎರಡು ಸಲ ಬಡಿದು, "ರೈಟ್," ಎಂದರು.